ಪೂರ್ವಪಕ್ಷವಿಲ್ಲದ ಸಿದ್ಧಾಂತ

ಮೌನವು ಸಮ್ಮತಿಯೇ ಎಂಬ ಪ್ರಶ್ನೆಯನ್ನು ಲೋಕವ್ಯವಹಾರವು ಬಹು ಹಿಂದೆಯೇ ತೀರ್ಮಾನಿಸಿಬಿಟ್ಟಂತೆ ಕಾಣುತ್ತದೆ. ಹೆಣ್ಣು ನೋಡಲು ಬಂದವರ ಮುಂದೆ ತಲೆ ತಗ್ಗಿಸಿ ಕುಳಿತ ಹುಡುಗಿ ಒಪ್ಪಿದಳೆಂದೇ ಹಿರಿಯರು ನಿಶ್ಚಯಿಸಿಕೊಳ್ಳುತ್ತಿದ್ದ ಹಾಗೆ, ಬಾಯಿ ತೆರೆಯದವನನ್ನು ಒಪ್ಪಿದವರ ಪಂಕ್ತಿಯಲ್ಲಿ ಕೂರಿಸುವುದು ನಮಗೆ ರೂಢಿಯಾಗಿದೆ. ಆದರೆ ಶಾಸನವೇ ಈ ರೂಢಿಯನ್ನು ಕೈಗೊಂಡು, ಸಹಸ್ರಾರು ಜನರ ಮೌನದ ಆಧಾರದ ಮೇಲೆ ಒಬ್ಬನಿಗೆ ಐದು ವರ್ಷಗಳ ಅಧಿಕಾರವನ್ನು ದಯಪಾಲಿಸುವಾಗ, ಆ ಮೌನವು ಯಾರದು, ಎಂಥದು ಎಂದು ಕೇಳದೆ ಮುಂದೆ ಸಾಗುವುದು ಧರ್ಮಜಿಜ್ಞಾಸುವಿಗೆ ತರವಲ್ಲ.

ಅರುಣಾಚಲ ಪ್ರದೇಶದ ತವಾಂಗ್ ಜಿಲ್ಲೆಯಲ್ಲಿ ಮುಕ್ತೋ ಎಂಬ ವಿಧಾನಸಭಾ ಕ್ಷೇತ್ರವಿದೆ. ಅದು ಮೋನ್ಪಾ ಬೌದ್ಧರ ನಾಡು. ಆರನೆಯ ದಲಾಯಿ ಲಾಮಾ ಜನ್ಮವೆತ್ತಿದ ಸೀಮೆ. 2011ರಲ್ಲಿ ಮುಖ್ಯಮಂತ್ರಿ ದೋರ್ಜಿ ಖಾಂಡು ಅವರು ಹೆಲಿಕಾಪ್ಟರ್ ದುರಂತದಲ್ಲಿ ಮಡಿದ ಮೇಲೆ ನಡೆದ ಉಪಚುನಾವಣೆಯಲ್ಲಿ ಅವರ ಮಗ ಪೆಮಾ ಖಾಂಡು ಅಲ್ಲಿಂದ ಅವಿರೋಧವಾಗಿ ಆಯ್ಕೆಯಾದರು. ಶೋಕದ ಹೊತ್ತಿನಲ್ಲಿ ಎದುರಾಳಿಗಳು ಹಿಂದೆ ಸರಿದುದರಲ್ಲಿ ಒಂದು ದಾಕ್ಷಿಣ್ಯವಿದ್ದಿರಬಹುದು. 2014ರಲ್ಲಿ ಅವರು ಹಾಲಿ ಶಾಸಕರಾಗಿ ನಿಂತಾಗಲೂ ಎದುರಿಗೆ ಯಾರೂ ಇರಲಿಲ್ಲ. 2019ರಲ್ಲಿ ಸ್ಪರ್ಧೆ ನಡೆಯಿತು, ಅವರು ಗೆದ್ದರು. 2024ರಲ್ಲಿ ಮುಖ್ಯಮಂತ್ರಿಯಾಗಿ ನಿಂತಾಗ ಮತ್ತೆ ಅವಿರೋಧ; ಆ ವರ್ಷ ರಾಜ್ಯದ 60 ಸ್ಥಾನಗಳಲ್ಲಿ 10 ಸ್ಥಾನಗಳು ಹೀಗೆಯೇ ತುಂಬಿದುವು. ಇಲ್ಲಿ ಒಂದು ಸ್ವಾರಸ್ಯವಿದೆ. 2014ರಲ್ಲಿ ಅವರು ಕಾಂಗ್ರೆಸ್ಸಿನವರು, 2024ರಲ್ಲಿ ಭಾರತೀಯ ಜನತಾ ಪಕ್ಷದವರು. ಕ್ಷೇತ್ರದ ಮೌನವು ಎರಡು ಸಲವೂ ಒಂದೇ. ಅದು ಒಪ್ಪಿದ್ದು ವ್ಯಕ್ತಿಯನ್ನೋ, ಮನೆತನವನ್ನೋ, ಆಯಾ ಕಾಲದ ಪಕ್ಷವನ್ನೋ, ಇವಾವುದನ್ನೂ ಅಲ್ಲವೋ ಎಂಬುದನ್ನು ಮೌನದಿಂದ ತಿಳಿಯುವ ಬಗೆಯಿಲ್ಲ. ಅಲ್ಲಿ ಯಾರದಾದರೂ ಬಲಾತ್ಕಾರ ನಡೆಯಿತೆಂದು ನಾನು ಹೇಳುತ್ತಿಲ್ಲ. ಜನರ ವಿಶ್ವಾಸವು ನಿಜವಾಗಿಯೇ ಅಷ್ಟು ಗಾಢವಾಗಿದ್ದಿರಬಹುದು. ನನ್ನ ಸಂದೇಹವಿರುವುದು ಜನರ ವಿಷಯದಲ್ಲಲ್ಲ, ಅವರನ್ನು ಕೇಳದೆಯೇ ಉತ್ತರವನ್ನು ಬರೆದುಕೊಂಡ ವಿಧಾನದ ವಿಷಯದಲ್ಲಿ.

1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 53ನೆಯ ಪ್ರಕರಣವು ಹೇಳುವುದು ಸರಳ: ತುಂಬಬೇಕಾದ ಸ್ಥಾನಗಳಷ್ಟೇ ಅಭ್ಯರ್ಥಿಗಳಿದ್ದರೆ ಚುನಾವಣಾಧಿಕಾರಿಯು ಅವರನ್ನು ಒಡನೆಯೇ ಚುನಾಯಿತರೆಂದು ಘೋಷಿಸತಕ್ಕದ್ದು. ಇದರಲ್ಲಿ ಒಂದು ಸೂಕ್ಷ್ಮವಾದ ತರ್ಕಲೋಪವಿದೆ. ಸುಮ್ಮನಾದವರು ಸ್ಪರ್ಧಿಸಬಲ್ಲ ಕೆಲವರು, ಎಂದರೆ ಹಣವೂ ಬೆಂಬಲವೂ ಎದೆಗಾರಿಕೆಯೂ ಉಳ್ಳ ಹತ್ತಾರು ಮಂದಿ. ಒಪ್ಪಿದರೆಂದು ಲೆಕ್ಕಕ್ಕೆ ಹಿಡಿಯುವುದು ಮತ ಹಾಕಬಲ್ಲ ಸಮಸ್ತರನ್ನು. ಒಬ್ಬನ ಮೌನವನ್ನು ಮತ್ತೊಬ್ಬನ ಖಾತೆಗೆ ಬರೆಯುವ ಈ ಲೆಕ್ಕವನ್ನು ಯಾವ ನೈಯಾಯಿಕನೂ ಒಪ್ಪಲಾರನು.

ಆಶ್ಚರ್ಯವೇನೆಂದರೆ, ಮುಕ್ತೋದ ಜನ ಯಾವ ಬುದ್ಧನನ್ನು ಪೂಜಿಸುತ್ತಾರೋ ಆತನ ಸಂಘವು ಮೌನವನ್ನೇ ಸಮ್ಮತಿಯೆಂದು ಸ್ವೀಕರಿಸುತ್ತಿತ್ತು. ಆದರೆ ಹೇಗೆ ಸ್ವೀಕರಿಸುತ್ತಿತ್ತೆಂಬುದನ್ನು ನೋಡಬೇಕು. ವಿನಯಪಿಟಕದ ವಿಧಾನದಂತೆ ಉಪಸಂಪದೆಯಂತಹ, ಎಂದರೆ ಪೂರ್ಣ ಭಿಕ್ಷುದೀಕ್ಷೆಯಂತಹ, ಗುರುತರವಾದ ಕಾರ್ಯದಲ್ಲಿ ಮೊದಲು ವಿಷಯವನ್ನು ಸಂಘದ ಮುಂದಿಡಬೇಕು. ಬಳಿಕ, ಒಪ್ಪುವವರು ಸುಮ್ಮನಿರಲಿ, ಒಪ್ಪದವರು ಮಾತನಾಡಲಿ ಎಂದು ಮೂರು ಸಲ ಸಾರಬೇಕು. ಮೂರನೆಯ ಸಲದ ಅನಂತರವೂ ಯಾರೂ ಮಾತನಾಡದಿದ್ದರೆ ಮಾತ್ರ ಆ ಮೌನಕ್ಕೆ ಒಪ್ಪಿಗೆಯ ಬೆಲೆ. ರೋಗದಿಂದ ಮಲಗಿದ ಭಿಕ್ಷುವಿನ ಸಮ್ಮತಿಯನ್ನು ಕೂಡ ಇನ್ನೊಬ್ಬ ಭಿಕ್ಷುವು ಹೊತ್ತು ತರಬೇಕಾಗಿತ್ತು. ಅದೂ ಆಗದಿದ್ದರೆ ರೋಗಿಯನ್ನೇ ಮಂಚಸಹಿತ ಸಂಘದೆಡೆಗೆ ಒಯ್ಯಬೇಕಿತ್ತು, ಇಲ್ಲವೆ ಸಂಘವೇ ಅವನಿದ್ದಲ್ಲಿಗೆ ಹೋಗಬೇಕಿತ್ತು. ವಿವಾದವು ಒಮ್ಮತದಿಂದ ಬಗೆಹರಿಯದಾಗ ಬಣ್ಣದ ಶಲಾಕೆಗಳನ್ನು ಹಂಚಿ ಮತವೆಣಿಸುವ ಕ್ರಮವೂ ಇತ್ತು. ಅದನ್ನು ಗುಟ್ಟಾಗಿ ನಡೆಸುವ ಬಗೆಯನ್ನೂ ವಿನಯವು ಹೇಳಿದೆ. ಪ್ರತಿಯೊಬ್ಬನ ಕಿವಿಗೂ ಪ್ರಶ್ನೆ ಮುಟ್ಟಿ, ಒಂದೇ ಒಂದು ಕಂಠವು ಅದನ್ನು ತಡೆಯಬಲ್ಲುದಾಗಿದ್ದು, ಆಮೇಲೂ ಉಳಿದ ಮೌನವೇ ಮೌನ. ಕೇಳದ ಪ್ರಶ್ನೆಗೆ ಸುಮ್ಮನಿರುವುದು ಉತ್ತರವಾಗದು.

ಗೆದ್ದವನ ಕಡೆಯಿಂದ ನೋಡಿದರೆ ವಿಷಯವು ಇನ್ನೂ ಗಹನವಾಗುತ್ತದೆ. ನಮ್ಮ ದಾರ್ಶನಿಕರು ಪೂರ್ವಪಕ್ಷವಿಲ್ಲದೆ ಸಿದ್ಧಾಂತವನ್ನು ಸ್ಥಾಪಿಸಿದವರಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಸಾಂಖ್ಯರು, ವೈಶೇಷಿಕರು, ಬೌದ್ಧರು, ಜೈನರು ಒಬ್ಬರಾದ ಮೇಲೊಬ್ಬರು ಎದುರಿಗೆ ಬಂದು ನಿಲ್ಲುತ್ತಾರೆ. ಶಂಕರರಾಗಲಿ, ರಾಮಾನುಜರಾಗಲಿ, ಮಧ್ವರಾಗಲಿ ಆ ಅಧ್ಯಾಯವನ್ನು ಹಾರಿಸಿ ಮುಂದಕ್ಕೆ ಹೋಗಲಿಲ್ಲ. ಎದುರಾಳಿಯು ಬಾರದಿದ್ದರೆ ಅವನ ಪರವಾಗಿ ತಾನೇ ವಾದಿಸಿ ತನ್ನನ್ನು ಪೀಡಿಸಿಕೊಳ್ಳುವುದು ಭಾಷ್ಯಕಾರನ ಕರ್ತವ್ಯವಾಗಿತ್ತು. ರೋಮಿನ ಕ್ರೈಸ್ತಸಭೆಯು ಇದನ್ನು ಒಂದು ಹುದ್ದೆಯಾಗಿಯೇ ಮಾಡಿತು: 1587ರಿಂದ 1983ರ ಸುಧಾರಣೆಯವರೆಗೆ, ಸಂತಪದವಿಗೆ ಸೂಚಿತರಾದ ಪುಣ್ಯಾತ್ಮರ ವಿರುದ್ಧ ವಾದಿಸಲು ಅಲ್ಲಿ ಅಧಿಕೃತನಾದ ಒಬ್ಬನಿದ್ದನು, ಜನ ಅವನನ್ನು ಸೈತಾನನ ವಕೀಲನೆಂದು ಕರೆದರು. ಸತ್ತು ಸ್ವರ್ಗಸ್ಥರಾದವರಿಗೇ ಬೇಕಾದ ಈ ಪರೀಕ್ಷೆಯು ಬದುಕಿರುವ ಶಾಸಕರಿಗೆ ಬೇಡವೆನ್ನುವುದು ಅವರ ಪುಣ್ಯದ ವಿಷಯದಲ್ಲಿ ತುಸು ಅತಿಯಾದ ಭರವಸೆಯೇ ಸರಿ. ಎದುರಿಸುವವನಿಲ್ಲದ ಪ್ರತಿನಿಧಿಗೆ ತನ್ನ ಯಾವ ಕಾರ್ಯವು ಯಾರನ್ನು ನೋಯಿಸಿತೆಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ; ಆತ್ಮಪರೀಕ್ಷೆಗೆ ಅವನಿಗೆ ಒದಗುವ ಸಾಮಗ್ರಿಯೆಂದರೆ ಹೊಗಳುವವರ ಮಾತು ಮಾತ್ರ.

ಒಮ್ಮತವೆಂಬುದಕ್ಕೆ ದೇವರನ್ನು ಸಾಕ್ಷಿಯಾಗಿ ಕರೆಯುವುದೂ ಉಂಟು. 2020ರ ಡಿಸೆಂಬರಿನ ಗ್ರಾಮ ಪಂಚಾಯತಿ ಚುನಾವಣೆಗಳ ಕಾಲದಲ್ಲಿ ನಮ್ಮ ಕರ್ನಾಟಕದ ಕೆಲವು ಹಳ್ಳಿಗಳಲ್ಲಿ ಸದಸ್ಯತ್ವವನ್ನು ಹರಾಜು ಕೂಗಿ, ಹಣವನ್ನು ದೇವಸ್ಥಾನಕ್ಕೆ ಮೀಸಲಿಟ್ಟು, ಅವಿರೋಧ ಆಯ್ಕೆಯಾಯಿತೆಂದು ಸಂತೋಷಪಟ್ಟ ಸುದ್ದಿಗಳು ಪತ್ರಿಕೆಗಳಲ್ಲಿ ಬಂದುವು. ಊರಲ್ಲಿ ಜಗಳವಿಲ್ಲ, ಗುಡಿಗೆ ಗೋಪುರ, ಎಲ್ಲರಿಗೂ ಪುಣ್ಯ! ಗುಡಿಯೊಳಗಿನ ದೇವತೆಯ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಲಿಲ್ಲ. ಅಲ್ಲಿಯೂ ಮೌನವೇ ಸಮ್ಮತಿ.

ಫಲವು ಮೊದಲೇ ನಿಶ್ಚಿತವಾದಲ್ಲಿ ಮತದಾನವೇಕೆ, ವ್ಯರ್ಥ ವೆಚ್ಚವೇಕೆ ಎಂದು ವ್ಯವಹಾರಜ್ಞರು ಕೇಳುತ್ತಾರೆ. 2013ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಮತಯಂತ್ರದಲ್ಲಿ ‘ನೋಟಾ’ ಗುಂಡಿಯು ಬಂದಿದೆ. ಆದ್ದರಿಂದ ಒಬ್ಬನೇ ಅಭ್ಯರ್ಥಿಯಿದ್ದರೂ ಮತದಾರನಿಗೆ ಹೇಳಲು ಒಂದು ಮಾತು ಉಂಟು. ಆ ಗುಂಡಿಗೆ ಎಷ್ಟು ಮತ ಬಿದ್ದರೂ ಈಗಿನ ನಿಯಮದಂತೆ ಅಭ್ಯರ್ಥಿಯು ಸೋಲುವುದಿಲ್ಲವೆಂಬುದು ದಿಟ; ಆದರೂ ತನ್ನನ್ನು ಒಲ್ಲದವರು ಎಷ್ಟು ಜನರೆಂಬ ಅರಿವಿನೊಡನೆ ಅವನು ಸಭೆಯನ್ನು ಪ್ರವೇಶಿಸುತ್ತಾನೆ. ವೆಚ್ಚದ ಮಾತಂತೂ ಮುಕ್ತೋದಲ್ಲಿ ನಿಲ್ಲುವುದೇ ಇಲ್ಲ. 2024ರ ಏಪ್ರಿಲ್ 19ರಂದು ಅರುಣಾಚಲದಲ್ಲಿ ವಿಧಾನಸಭೆಗೂ ಲೋಕಸಭೆಗೂ ಒಂದೇ ದಿನ ಮತದಾನವಿತ್ತು. ಲೋಕಸಭೆಗಾಗಿ ಮತಗಟ್ಟೆಗಳು ಹೇಗೂ ತೆರೆದಿದ್ದುವು, ಸಿಬ್ಬಂದಿ ಹೇಗೂ ಬೆಟ್ಟ ಹತ್ತಿ ಬಂದಿದ್ದರು, ಮತದಾರರೂ ಬಂದು ಸಾಲಿನಲ್ಲಿ ನಿಂತಿದ್ದರು. ತಮ್ಮ ಶಾಸಕರ ವಿಷಯದಲ್ಲಿ ಅವರನ್ನು ಒಂದು ಮಾತು ಕೇಳಲು ಬೇಕಾಗಿದ್ದುದು ಇನ್ನೊಂದು ಯಂತ್ರ ಮಾತ್ರ.