ಕೆಂಪು ದೀಪ ಆರುವ ತನಕ

ಸಿಎ ಪಾಸು ಮಾಡಿದವನು ಸೂಟ್‌ಕೇಸು ಎತ್ತುವ ಕೆಲಸಕ್ಕೆ ಸೇರಿದ ಕತೆ ಟೊರೊಂಟೊದಲ್ಲಿ ಯಾರಿಗೂ ಹೊಸದಲ್ಲ. 2011ರ ಚಳಿಗಾಲದಲ್ಲಿ ನಾನೂ ಆ ಸಾಲಿಗೆ ಸೇರಿದೆ. ಕೆನಡಾದ ಅನುಭವ ಇದೆಯೇ ಎಂದು ಎಲ್ಲರೂ ಕೇಳುತ್ತಿದ್ದರು; ಬೆಂಗಳೂರಿನ ಹನ್ನೊಂದು ವರ್ಷದ ಆಡಿಟ್ ಅದಕ್ಕೆ ಉತ್ತರವಾಗುತ್ತಿರಲಿಲ್ಲ. ಹಗಲು ಇಲ್ಲಿನ ಪರೀಕ್ಷೆಗೆ ಓದು, ರಾತ್ರಿ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಲಗೇಜು ಇಳಿಸುವ ಕೆಲಸ.

ಮೊದಲ ದಿನದ ತರಬೇತಿಯಲ್ಲಿ ಕಲಿತದ್ದು ಒಂದೇ ಮಾತು: ಕೆಂಪು ದೀಪ ಆರುವ ತನಕ ವಿಮಾನದ ಹತ್ತಿರ ಹೋಗಬೇಡ. ವಿಮಾನದ ಬೆನ್ನ ಮೇಲೊಂದು, ಹೊಟ್ಟೆಯ ಕೆಳಗೊಂದು ಮಿಣುಕುವ ಕೆಂಪು ದೀಪ ಇರುತ್ತದೆ, ಬೀಕನ್ ಎನ್ನುತ್ತಾರೆ. ಎಂಜಿನ್ ಚಾಲೂ ಮಾಡುವ ಮೊದಲೇ ಅದನ್ನು ಹೊತ್ತಿಸಬೇಕು, ಎಂಜಿನ್ ನಿಂತು ಅದರ ತಿರುಗಾಟ ಇಳಿದ ಮೇಲೆಯೇ ಆರಿಸಬೇಕು. ಸದ್ದು ಕೇಳಿದರೆ ತಿಳಿಯುವುದಿಲ್ಲವೇ ಎಂದು ನಾನೂ ಕೇಳಿದ್ದೆ. ತಿಳಿಯುವುದಿಲ್ಲ. ಕಿವಿಗೆ ಮುಚ್ಚಳ, ಸುತ್ತ ಹತ್ತು ವಿಮಾನಗಳ ಮೊರೆತ. ಯಾವುದು ಓಡುತ್ತಿದೆ, ಯಾವುದು ನಿಂತಿದೆ ಎಂದು ಕಿವಿ ಹೇಳಲಾರದು. ಸುಮ್ಮನೆ ತಿರುಗುತ್ತಿರುವಂತೆ ಕಾಣುವ ಎಂಜಿನ್ನೂ ಹತ್ತಿರ ಹೋದ ಮನುಷ್ಯನನ್ನು ಒಳಗೆಳೆದುಕೊಳ್ಳಬಲ್ಲದು.

ಆ ದೀಪದಿಂದ ಪೈಲಟ್‌ಗೆ ಯಾವ ಉಪಯೋಗವೂ ಇಲ್ಲ. ಅವನು ಕುಳಿತಲ್ಲಿಂದ ಅದು ಕಾಣುವುದೂ ಇಲ್ಲ. ಪೂರ್ತಿ ಬೇರೆಯವರಿಗಾಗಿಯೇ ಉರಿಯುವ ದೀಪ ಅದು.

ಇನ್ನೊಂದು ದೀಪವಿದೆ, ಮೂಗಿನ ಚಕ್ರದ ಬಳಿಯ ಟ್ಯಾಕ್ಸಿ ಲೈಟು. ಇದು ಪೈಲಟ್‌ಗೆ ದಾರಿ ಕಾಣಲು. ವಿಮಾನ ಗೇಟಿನ ಕಡೆ ತಿರುಗಿ, ಕೈಯಲ್ಲಿ ಹೊಳೆಯುವ ಕೋಲು ಹಿಡಿದ ಮಾರ್ಷಲರ್ ಎದುರಾದಾಗ, ಒಳ್ಳೆಯ ಪೈಲಟ್ ಅದನ್ನು ಆರಿಸುತ್ತಾನೆ. ಇಲ್ಲದಿದ್ದರೆ ಮಾರ್ಷಲರ್‌ನ ಕಣ್ಣು ಕತ್ತಲಿಡುತ್ತದೆ. ರೆಕ್ಕೆಯ ತುದಿಯಲ್ಲಿ ಫಳಫಳ ಹೊಡೆಯುವ ಬಿಳಿ ಸ್ಟ್ರೋಬ್ ದೀಪಗಳನ್ನೂ ನಿಲ್ದಾಣದ ಅಂಗಳದಲ್ಲಿ ಹಾಕುವುದಿಲ್ಲ, ರನ್‌ವೇಗೆ ಕಾಲಿಡುವಾಗ ಹಾಕುತ್ತಾರೆ. ಒಂಟಾರಿಯೊದ ರಸ್ತೆಯಲ್ಲೂ ಎದುರು ವಾಹನ 150 ಮೀಟರ್ ಒಳಗೆ ಬಂದರೆ ಹೈಬೀಮ್ ಇಳಿಸಬೇಕೆಂಬ ಕಾನೂನಿದೆ. ನಮ್ಮ ತುಮಕೂರು ಹೆದ್ದಾರಿಯ ಲಾರಿಗಳು ನೆನಪಾಗಿ ನಗು ಬರುತ್ತದೆ, ಇರಲಿ.

ಹಾಗೆಂದು ದೀಪ ಕಡಿಮೆ ಮಾಡುವುದೆಲ್ಲ ಸೌಜನ್ಯವಲ್ಲ. 1991ರ ಫೆಬ್ರವರಿ 1ರ ಸಂಜೆ ಲಾಸ್ ಏಂಜಲೀಸಿನಲ್ಲಿ ಒಂದು ಸಣ್ಣ ವಿಮಾನ ಹಾರಲು ಅಪ್ಪಣೆ ಕಾಯುತ್ತ ರನ್‌ವೇ ಮೇಲೆ ನಿಂತಿತ್ತು. ಅದೇ ರನ್‌ವೇಗೆ ಇಳಿಯಲು ಬೋಯಿಂಗ್ 737 ಒಂದಕ್ಕೂ ಅನುಮತಿ ಸಿಕ್ಕಿತು. ಹಾರಲು ಅಪ್ಪಣೆ ಸಿಗುವ ತನಕ ಹೊರಗಿನ ಬಹುಪಾಲು ದೀಪ ಹಾಕದಿರುವುದು ಆಗಿನ ರೂಢಿ. ನಿಂತ ವಿಮಾನ ರನ್‌ವೇ ದೀಪಗಳ ನಡುವೆ ಕರಗಿಹೋಗಿತ್ತು. ಅದರಲ್ಲಿದ್ದ 12 ಮಂದಿಯೂ ಸತ್ತರು, ದೊಡ್ಡ ವಿಮಾನದಲ್ಲೂ ಹಲವರು. ಮುಖ್ಯ ತಪ್ಪು ಗೋಪುರದ ನಿಯಂತ್ರಣದ್ದು. ದೀಪ ಹಾಕದೆ ನಿಂತವರು ಯಾವ ನಿಯಮವನ್ನೂ ಮುರಿದಿರಲಿಲ್ಲ.

ಈ ಕೊನೆಯ ಮಾತು ನನ್ನನ್ನು ಬಿಡುವುದಿಲ್ಲ. ಯಾಕೆಂದರೆ ನಾನೂ ಯಾವ ನಿಯಮವನ್ನೂ ಮುರಿದಿರಲಿಲ್ಲ.

ತಿಪಟೂರಿಗೆ ಫೋನು ಮಾಡಿದಾಗ ಅಮ್ಮ ಕೇಳಿದರು, 'ಕೆಲಸ ಸಿಕ್ತೇನಪ್ಪಾ?' 'ಸಿಕ್ತಮ್ಮ, ಏರ್‌ಪೋರ್ಟಲ್ಲಿ' ಎಂದೆ. ಅಕ್ಷರಶಃ ನಿಜ. ಮರುವಾರದೊಳಗೆ ನಾನು ಏರ್‌ಪೋರ್ಟಿನ ಲೆಕ್ಕಪತ್ರವನ್ನೆಲ್ಲ ನೋಡಿಕೊಳ್ಳುವವನು ಎಂದು ಕೇರಿಗೆಲ್ಲ ಸುದ್ದಿ. ನಾನು ತಿದ್ದಲಿಲ್ಲ. ಮಗ ಮೈನಸ್ ಇಪ್ಪತ್ತರ ಚಳಿಯಲ್ಲಿ ಪೆಟ್ಟಿಗೆ ಹೊರುತ್ತಾನೆಂದು ಕೇಳಿ ಅವರು ರಾತ್ರಿಯೆಲ್ಲ ನಿದ್ದೆಗೆಡುವುದು ಯಾಕೆ? ಎದುರಿಗಿರುವವರ ಕಣ್ಣಿಗೆ ಹೊಡೆಯದಂತೆ ದೀಪ ಇಳಿಸಿದೆ ಎಂದುಕೊಂಡೆ. ಇವತ್ತಿಗೂ ಅಮ್ಮನ ಮಟ್ಟಿಗೆ ಅದು ತಪ್ಪೆಂದು ನನಗನ್ನಿಸುವುದಿಲ್ಲ.

ಆದರೆ ಅದೇ ಮಾತನ್ನು ಚಿಕ್ಕಪ್ಪನ ಮಗನೂ ಕೇಳಿಸಿಕೊಂಡಿದ್ದ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಬಿಕಾಂ ಹುಡುಗ. ಹೋದ ಕೆಲವೇ ತಿಂಗಳಲ್ಲಿ ಅಣ್ಣನಿಗೆ ಅಂಥ ಕೆಲಸ ಸಿಕ್ಕಿದೆ ಎಂದರೆ ತನಗೂ ಒಂದು ಗುಮಾಸ್ತಿಕೆಯಾದರೂ ಸಿಗುತ್ತದೆಂದು ಲೆಕ್ಕ ಹಾಕಿದ. ಇದ್ದ ಒಂದೇ ಸೈಟು ಮಾರಿ, ಹೆಂಡತಿ ಮಗುವನ್ನು ಕಟ್ಟಿಕೊಂಡು ಮಿಸಿಸಾಗಕ್ಕೆ ಬಂದಿಳಿದ. ಬರುವ ಮುನ್ನ ನನಗೆ ಎರಡು ಸಲ ಫೋನು ಮಾಡಿದ್ದ. 'ಮೊದಲು ಸ್ವಲ್ಪ ಕಷ್ಟ ಇರುತ್ತೆ' ಎಂದಿದ್ದೆ. ಅಷ್ಟೇ.

ಲೆಕ್ಕಪತ್ರದ ಕಸುಬಿನಲ್ಲಿ ಇದಕ್ಕೊಂದು ಜಾಗವಿದೆ. ಇನ್ನೂ ಸಾಲವಾಗಿಲ್ಲದ, ಆದರೆ ಆಗಬಹುದಾದ ಹೊಣೆಯನ್ನು ಬ್ಯಾಲೆನ್ಸ್ ಶೀಟಿನ ಕೆಳಗೆ ಟಿಪ್ಪಣಿಯಾಗಿ ಬರೆಯಲೇಬೇಕು: ಕೋರ್ಟಿನಲ್ಲಿರುವ ದಾವೆ, ಬೇರೆಯವರಿಗೆ ಕೊಟ್ಟ ಜಾಮೀನು. ಟಿಪ್ಪಣಿಯಿಲ್ಲದ ಲೆಕ್ಕದಲ್ಲಿ ಒಂದೂ ಸುಳ್ಳು ಅಂಕಿ ಇಲ್ಲದಿರಬಹುದು, ಆದರೂ ಅದನ್ನು ನಂಬಿ ದುಡ್ಡು ಹಾಕಿದವನು ಮುಳುಗುತ್ತಾನೆ. ಬೇರೆಯವರ ಲೆಕ್ಕದಲ್ಲಿ ಈ ಟಿಪ್ಪಣಿ ಇಲ್ಲವೆಂದು ಎಷ್ಟು ಸಲ ಕಟುವಾಗಿ ಬರೆದವನು ನಾನು!

ಆರಿಸಬಹುದಾದ ದೀಪ ಯಾವುದು, ಆರಿಸಬಾರದ ದೀಪ ಯಾವುದು? ನನಗಾಗಿ ಉರಿಯುವುದನ್ನು ಇನ್ನೊಬ್ಬರ ಕಣ್ಣಿಗೋಸ್ಕರ ಆರಿಸಬಹುದು. ಇನ್ನೊಬ್ಬರಿಗೆಂದೇ ಉರಿಯುವುದನ್ನು ನನ್ನ ಮಾನಕ್ಕೋಸ್ಕರ ಆರಿಸುವಂತಿಲ್ಲ. ಹೇಳುವುದು ಸುಲಭ. ತೊಡಕು ಬರುವುದು ಒಂದೇ ಮಾತು ಎರಡೂ ದೀಪವಾದಾಗ. ಅಮ್ಮನಿಗೆ ಮಾತ್ರ ಮಂದವಾಗು, ತಮ್ಮನಿಗೆ ಮಾತ್ರ ಕೆಂಪಗೆ ಕಾಣು ಎಂದು ದೀಪಕ್ಕೆ ಹೇಳಲಾಗದು. ಆದರೆ ತಮ್ಮ ಎರಡು ಸಲ ನೇರವಾಗಿ ನನಗೇ ಫೋನು ಮಾಡಿದಾಗ ಅಮ್ಮ ನಡುವೆ ಇರಲಿಲ್ಲ. ಅಲ್ಲಿ ನಾನು ಕಾಯ್ದದ್ದು ಅವರ ನಿದ್ದೆಯನ್ನಲ್ಲ.

ಜನವರಿಯ ಒಂದು ರಾತ್ರಿ ಬಂದು ನಿಂತ ವಿಮಾನದೊಳಗೆ ವಿದ್ಯುತ್ ಒದಗಿಸುವ ಸಣ್ಣ ಯಂತ್ರ ಕೆಟ್ಟಿತ್ತು. ನೆಲದಿಂದ ವಿದ್ಯುತ್ ಸಿಗುವ ತನಕ ಒಂದು ಎಂಜಿನ್ ಓಡಿಸಿಕೊಂಡೇ ಇದ್ದರು. ಕೆಂಪು ದೀಪ ಮಿಣುಕುತ್ತಲೇ ಇತ್ತು. ಕಿಟಕಿಗಳಲ್ಲಿ ಜನ ಎದ್ದು ನಿಂತು ಬ್ಯಾಗು ಇಳಿಸುತ್ತಿದ್ದುದು ಕಾಣುತ್ತಿತ್ತು. ಅವರ ಪಾಲಿಗೆ ಪ್ರಯಾಣ ಮುಗಿದಿತ್ತು. ಕೆಳಗೆ ನಾವು ಲಗೇಜು ಇಳಿಸುವವರು ಗಾಳಿಗೆ ಬೆನ್ನು ಕೊಟ್ಟು ಆ ಕೆಂಪನ್ನೇ ನೋಡುತ್ತ ನಿಂತಿದ್ದೆವು. ಒಳಗೆ ಯಾರೋ ಮುಖ ಕಾಣದವನು ನಮ್ಮನ್ನು ಲೆಕ್ಕಕ್ಕೆ ಹಿಡಿದಿದ್ದಾನೆ ಎಂಬ ನಂಬಿಕೆ ಬಿಟ್ಟರೆ ನಮ್ಮ ಕೈಯಲ್ಲಿ ಬೇರೇನೂ ಇರಲಿಲ್ಲ.

ತಮ್ಮ ಈಗ ಚೆನ್ನಾಗಿದ್ದಾನೆ. ಲಾರಿ ಕಂಪನಿಯೊಂದರಲ್ಲಿ ಲೆಕ್ಕ ನೋಡುತ್ತಾನೆ, ಬ್ರಾಂಪ್ಟನ್‌ನಲ್ಲಿ ಮನೆ ಮಾಡಿದ್ದಾನೆ. ಆ ಸೈಟಿನ ಬೆಲೆ ಈಗ ಎಷ್ಟೆಂದು ನಮ್ಮಿಬ್ಬರಿಗೂ ಗೊತ್ತು, ಯಾರೂ ಎತ್ತುವುದಿಲ್ಲ. ಹೋದ ಬೇಸಿಗೆಯಲ್ಲಿ ಮಕ್ಕಳಿಗೆ ವಿಮಾನ ತೋರಿಸಲು ಡ್ಯಾನ್‌ವಿಲ್ ಪಾರ್ಕಿನ ದಿಬ್ಬ ಹತ್ತಿದ್ದಾಗ ನಾನೇ ಬಾಯಿಬಿಟ್ಟು, ಅವತ್ತು ಹೇಳಬೇಕಿತ್ತು ಕಣೋ ಎಂದೆ. ಅವನು ಇಳಿಯುತ್ತಿದ್ದ ವಿಮಾನದಿಂದ ಕಣ್ಣು ತೆಗೆಯಲಿಲ್ಲ.

'ಹೇಳಿದ್ರೂ ಬರ್ತಿದ್ದೆ ಅಣ್ಣ' ಎಂದ. 'ಸೈಟು ಉಳಿಸ್ಕೊಂಡು ಬರ್ತಿದ್ದೆ.'