ಪಶ್ಚಾತ್ತಾಪವೂ ಮೇಲ್ಮನವಿಯೂ

ತಪ್ಪಿದವನನ್ನು ತಿದ್ದುವುದು ಸಮಾಜದ ಧರ್ಮ; ತಿದ್ದಿಕೊಳ್ಳುವುದು ತಪ್ಪಿದವನ ಧರ್ಮ. ಇವೆರಡರ ನಡುವೆ ಮತ್ತೊಂದು ಪ್ರಶ್ನೆಯುಂಟು. ತಿದ್ದುಪಾಟಿಗೆ ಗುರಿಯಾದವನು, “ಈ ತೀರ್ಮಾನ ಸರಿಯಲ್ಲ” ಎಂದು ಹೇಳಬಹುದೇ? ಹಾಗೆ ಹೇಳುವುದು ಅವನ ಹಕ್ಕೋ, ಪಶ್ಚಾತ್ತಾಪವಿಲ್ಲದ ಮನಸ್ಸಿನ ಮೊಂಡುತನವೋ?

ಮದ್ಯಪಾನ ಮಾಡಿ ವಾಹನ ನಡೆಸಿದವರ ಸಂಗತಿಯಲ್ಲಿ ಈ ಪ್ರಶ್ನೆಯು ಮತ್ತೆ ಮತ್ತೆ ಏಳುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಪ್ರಕರಣದಂತೆ, ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದರೆ ಅದು ಅಪರಾಧ. ನ್ಯಾಯಾಲಯವು ವಿಧಿಸುವ ದಂಡ, ಸೆರೆವಾಸಗಳು ಬೇರೆ. ಅವಲ್ಲದೆ 2019ರ ತಿದ್ದುಪಡಿಯಂತೆ ಪೊಲೀಸ್ ಅಧಿಕಾರಿಯು ಚಾಲಕನ ಲೈಸೆನ್ಸನ್ನು ವಶಪಡಿಸಿಕೊಂಡು ಲೈಸೆನ್ಸು ಪ್ರಾಧಿಕಾರಕ್ಕೆ ಕಳುಹಿಸಬೇಕು. ಪ್ರಾಧಿಕಾರವು ಮೊದಲ ತಪ್ಪಿಗೆ ಅವನನ್ನು ಮೂರು ತಿಂಗಳು ಅನರ್ಹಗೊಳಿಸಬಹುದು. ಮರಳಿ ತಪ್ಪಿದರೆ ಲೈಸೆನ್ಸನ್ನೇ ರದ್ದುಪಡಿಸಬಹುದು. ಲೈಸೆನ್ಸು ಅಮಾನತಾದವನು ಪುನಶ್ಚೇತನ ತರಬೇತಿಯನ್ನು ಪೂರೈಸಿದ ಹೊರತು ಅದು ಅವನ ಕೈಗೆ ಮರಳದು.

ಆದರೆ ಅದೇ ಕಾಯಿದೆಯು ಅಧಿಕಾರಿಗೂ ಕಟ್ಟು ಹಾಕಿದೆ. ಆದೇಶಕ್ಕೆ ಮೊದಲು ಚಾಲಕನ ಅಹವಾಲನ್ನು ಕೇಳಬೇಕು. ಅನರ್ಹಗೊಳಿಸುವ ಕಾರಣಗಳನ್ನು ವಿವರವಾಗಿ ಬರೆದಿಡಬೇಕು. ಆದೇಶವು ತಲುಪಿದ 30 ದಿನಗಳೊಳಗೆ ಚಾಲಕನು ಗೊತ್ತುಪಡಿಸಿದ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

“ಕುಡಿದು ಗಾಡಿ ನಡೆಸಿದವನಿಗೆ ಮೇಲ್ಮನವಿಯೇಕೆ?” ಎಂದು ಸಜ್ಜನರೂ ಕೇಳುವುದುಂಟು. ಅವರ ಕೋಪವು ಅಕಾರಣವಲ್ಲ. ಚಕ್ರದಡಿ ಸಿಲುಕಿದ ಮಗುವಿನ ಪ್ರಾಣಕ್ಕೆ ಯಾವ ಮೇಲ್ಮನವಿಯೂ ಇಲ್ಲ. ಜೀವದಯೆಯನ್ನು ಬೋಧಿಸಿದ ಶರಣರ ಅನುಯಾಯಿಗಳು ಇದನ್ನು ಮರೆಯಲಾಗದು. ಆದರೆ ಅವನು ಕುಡಿದಿದ್ದನೇ, ಎಷ್ಟನೆಯ ಸಲ ತಪ್ಪಿದನು ಎಂಬುದೇ ಮೊದಲು ನಿರ್ಣಯವಾಗಬೇಕಾದುದು. ಕೇಳದೆ ಅದನ್ನು ತಿಳಿಯುವ ಬಗೆ ಹೇಗೆ? ಲಾರಿ ನಡೆಸಿ ಮನೆ ಸಾಕುವವನಿಗೆ ಅದೇ ಕಾಯಕ. ತೀರ್ಮಾನವು ತಪ್ಪಾದರೆ ನಿರಪರಾಧಿಯ ಕಾಯಕವನ್ನು ಕಸಿದುಕೊಂಡಂತಾಗುವುದು. ಅವನ ಮನೆಯ ಒಲೆಯೂ ಆರುವುದು.

ಕಲ್ಯಾಣದ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಪರೀಕ್ಷಿಸಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಅಕ್ಕನು ತಪ್ಪಿತಸ್ಥಳಲ್ಲ, ಆದರೂ ಅಲ್ಲಿನ ರೀತಿಯು ಗಮನಾರ್ಹ. ಪ್ರಶ್ನೆಗಳು ಕಠಿಣವಾಗಿದ್ದವು, ಉತ್ತರಕ್ಕೂ ಅಷ್ಟೇ ಎಡೆಯಿತ್ತು. ಹೆಂಡ ಮಾರುವ ಕಾಯಕದ ಮಾರಯ್ಯನೂ ವಚನಕಾರರ ಸಾಲಿನಲ್ಲಿ ನಿಂತನು. ಹೊರಗಿನ ಗುರುತನ್ನು ಕಂಡು ಬಾಗಿಲು ಮುಚ್ಚುವುದು ಶರಣರ ನಡೆಯಲ್ಲ.

ಹಾಗೆಂದು ಈ ಹಕ್ಕು ಸುಳ್ಳಿಗೆ ಆಸರೆಯಾಗಬಾರದು. ಕುಡಿದವನು ಕುಡಿದಿಲ್ಲವೆಂದು ಮನವಿ ಬರೆದರೆ ಮೊದಲ ತಪ್ಪಿಗೆ ಎರಡನೆಯದನ್ನು ಕೂಡಿಸಿದಂತೆ. ಕುಡಿಯದವನು, ಬೇಗ ಬಿಡುಗಡೆಯಾದರೆ ಸಾಕೆಂದು “ಕುಡಿದಿದ್ದೆ, ತಪ್ಪಾಯಿತು” ಎಂದು ಕೈಮುಗಿದರೆ ಅದೂ ಅಸತ್ಯವೇ. ಅಂಥ ಪಶ್ಚಾತ್ತಾಪವು ಯಾರನ್ನೂ ತಿದ್ದದು. ಮೊದಲ ಸಲ ತಪ್ಪಿದವನ ಹೆಸರಿಗೆ ಎರಡನೆಯ ತಪ್ಪೆಂದು ದಾಖಲಾಗಿ ಲೈಸೆನ್ಸು ರದ್ದಾಯಿತೆಂದು ಭಾವಿಸೋಣ. ಅವನು, “ಕುಡಿದದ್ದು ನಿಜ, ಅದಕ್ಕೆ ತಲೆಬಾಗುತ್ತೇನೆ, ಆದರೆ ಇದು ಎರಡನೆಯದಲ್ಲ, ಮೊದಲನೆಯದು” ಎಂದರೆ ಆ ಒಂದೇ ಮಾತಿನಲ್ಲಿ ಪಶ್ಚಾತ್ತಾಪವೂ ಇದೆ, ಮೇಲ್ಮನವಿಯೂ ಇದೆ. ಎರಡಕ್ಕೂ ಸತ್ಯವೇ ತಾಯಿಯಾದುದರಿಂದ ಅವುಗಳೊಳಗೆ ವಿರೋಧವಿಲ್ಲ.

ಗೃಹಸ್ಥರಿಗೂ ಇದರಲ್ಲಿ ಪಾಠವುಂಟು. ಮನೆಯ ಮಗನು ಕುಡಿದು ಗಾಡಿ ನಡೆಸಿದಾಗ ಮುಚ್ಚಿಡುವುದು ಪ್ರೀತಿಯಲ್ಲ. ಅವನ ಮಾತನ್ನು ಕೇಳದೆ ಹೊರದೂಡುವುದು ಧರ್ಮವಲ್ಲ. ಕೇಳಿ, ತೂಗಿ, ತಿದ್ದಬೇಕು. ಮನವಿಗೆ ಸಹಿ ಹಾಕುವ ಮುನ್ನ ಅವನೂ ಕರಸ್ಥಲದ ಇಷ್ಟಲಿಂಗದ ಮುಂದೆ ಕುಳಿತು ತನ್ನನ್ನು ತಾನೇ ಕೇಳಿಕೊಳ್ಳಲಿ. ಕಾಯಿದೆಯ ಮನವಿಗೆ 30 ದಿನಗಳ ಗಡುವುಂಟು; ಅಂತಸ್ಸಾಕ್ಷಿಯ ಮುಂದೆ ನಿಜವನ್ನು ನುಡಿಯಲು ಗಡುವಿಲ್ಲ.