ಪರರ ನಾದಪ್ರೀತಿ

ಶ್ರಾವಣಮಾಸದಲ್ಲಿ ಕುಂದಗೋಳ, ನವಲಗುಂದದ ಕಡೆಯ ಯಾವುದೋ ಮಠದಲ್ಲಿ ವಚನಗಾಯನ ನಡೆದಿದೆಯೆಂದು ಭಾವಿಸೋಣ. ಗಾಯಕನು ಒಂದೇ ಪದವನ್ನು ಹಿಡಿದು ತಾನುಗಳಲ್ಲಿ ವಿಹರಿಸುತ್ತಿರಲು, ಶ್ರೋತೃಗಳಲ್ಲೊಬ್ಬನಿಗೆ ವಚನದ ಅರ್ಥವೇ ಮುಳುಗಿಹೋಯಿತೆನಿಸುತ್ತದೆ. ಪಕ್ಕದ ವೃದ್ಧೆಯ ಕಣ್ಣಲ್ಲಾದರೋ ನೀರು. ಹೊರಬರುವಾಗ ಆಕೆ, “ಹಾಡಿಕಿ ಹ್ಯಾಂಗಾತೋ ಯಪ್ಪಾ?” ಎಂದು ಕೇಳಿದರೆ ಅವನೇನು ಹೇಳಬೇಕು? ಚೆನ್ನಾಯಿತೆಂದರೆ ಹುಸಿಯಾಗುವುದು, ಇಲ್ಲವೆಂದರೆ ಆಕೆಯ ಭಾವಕ್ಕೆ ನೋವಾಗುವುದು.

ಇಂಥವನ ಕೈಗೆ ಬೇಗನೆ ಸಿಕ್ಕುವ ಆಯುಧವೆಂದರೆ, ಶಿವನು ನಾದಪ್ರಿಯನಲ್ಲ, ಭಕ್ತಿಪ್ರಿಯನೆಂದು ರಾವಣನ ದೃಷ್ಟಾಂತವನ್ನಿತ್ತು ಸಾರಿದ ಬಸವಣ್ಣನವರ ವಚನ. ಆದರೆ ಅಲ್ಲಿ ಅಣ್ಣನವರು ಹಳಿದುದು ಭಕ್ತಿಯಿಲ್ಲದ ನಾದವನ್ನು. ಆ ವೃದ್ಧೆಯ ಕಣ್ಣೀರಿನಲ್ಲಿ ಭಕ್ತಿಯಿಲ್ಲವೆಂದು ಇವನಿಗೆ ಹೇಳಿದವರಾರು? ತಾಳಮಾನಗಳನ್ನರಿಯದೆ ಒಲಿದಂತೆ ಹಾಡುವೆನೆಂದವರೂ ಅದೇ ಅಣ್ಣನವರಲ್ಲವೆ!

ಕಿವಿಯೂ ಸರ್ವಜ್ಞನಲ್ಲ. ಕುಂದಗೋಳದ ಸವಾಯಿ ಗಂಧರ್ವರ (1886–1952) ಬಳಿ ಕಲಿಯಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದ ಗಂಗೂಬಾಯಿ ಹಾನಗಲ್ಲರ ಕಂಠವು ಚಿಕಿತ್ಸೆಯೊಂದರ ತರುವಾಯ ಗಡುಸಾಯಿತು. ಸ್ತ್ರೀಕಂಠದಲ್ಲಿ ಮಾರ್ದವವನ್ನೇ ಬಯಸುವವನಿಗೆ ಅದು ಮೊದಲು ರುಚಿಸಲಾರದು. 2002ರಲ್ಲಿ ಪದ್ಮವಿಭೂಷಣ ಪಡೆದುದು ಆ ಕಂಠವೇ.

ಹಾಗೆಂದು ಆಕ್ಷೇಪವೇ ಹುರುಳಿಲ್ಲದ್ದಲ್ಲ. ಖಯಾಲಿನ ಚೀಜು ಎರಡು ಮೂರು ಸಾಲಿನದು. ಅಲ್ಲಿ ಮಾತು ಸ್ವರಕ್ಕೆ ಮೆಟ್ಟಿಲು. ವಚನವಾದರೋ ಮಾತಿನಿಂದ ಮಾತಿಗೆ ವಿಚಾರವನ್ನು ಬೆಳೆಸಿ ಅಂಕಿತದಲ್ಲಿ ನೆಲೆಗೊಳಿಸುವ ಬಗೆಯದು. ನಡುವೆ ಕಡಿದರೆ ವಿಚಾರವೇ ಕಡಿಯುತ್ತದೆ. ಮನ್ಸೂರಿನ ಮಲ್ಲಿಕಾರ್ಜುನರು (1910–1992) ಖಯಾಲಿನ ಸಂಸ್ಕಾರದಿಂದಲೇ ವಚನಗಳನ್ನು ಹಾಡಿದರು, ಆದರೂ ನುಡಿ ಉಳಿಯಿತು. ಎಲ್ಲರಿಗೂ ಅದು ಸಾಧ್ಯವೆ?

ಆದುದರಿಂದ ಅವನು ವೃದ್ಧೆಗೆ, “ಮಾತು ನನಗ ತಿಳೀಲಿಲ್ಲವ್ವಾ” ಎಂದಷ್ಟೇ ಹೇಳಬಹುದು. ಅದು ಹುಸಿಯಲ್ಲ, ತೀರ್ಪೂ ಅಲ್ಲ. ಅದಕ್ಕೆ ಆಕೆ, “ವಚನ ನನಗ ಮೊದಲ ಬಾಯಿಪಾಠ ಐತಿ, ನೀ ಕಲತಿಲ್ಲೇನು?” ಎಂದರೆ? ಆಗ ಅವನ ವಾದದ ಅರ್ಧ ಕುಸಿಯುತ್ತದೆ. ಆಕೆಗೆ ಯಾವ ಮಾತೂ ಕಳೆದಿರಲಿಲ್ಲ. ಉಳಿದರ್ಧವು ಆಕೆಯ ಸೆರಗು ಹಿಡಿದು ನಿಂತ ಮೊಮ್ಮಗನದು. ಅವನಿಗಿನ್ನೂ ಒಂದು ವಚನವೂ ಬಾರದು. ಆ ಹುಡುಗನ ಸಲುವಾಗಿ ಗಾಯಕನ ಬಳಿಗೆ ಒಬ್ಬನೇ ಹೋಗಿ, “ಹಾಡುವ ಮೊದಲು ವಚನವನ್ನೊಮ್ಮೆ ಓದಿ ಹೇಳಿರಿ” ಎಂದು ಬಿನ್ನವಿಸಿಕೊಳ್ಳಲು ಸಂಕೋಚವೇಕೆ?